ಬಿಲ್ಲಿನಲ್ಲಿತ್ತು, ಶಾಫ್ಟಿನಲ್ಲಿರಲಿಲ್ಲ: ಒಂದು ಪಿಕಪ್ಪಿನ 'ಢಕ್' ಸದ್ದಿನ ಪ್ರಕರಣ

ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ಮಂಡಿಗೆ ಅಡಿಕೆ ಹೊತ್ತು ಹೋಗುವಾಗ ಮಂಡಗದ್ದೆ ಹತ್ತಿರ ಒಂದು ಕಾಫಿ ಕುಡಿಯುವುದು ನಮ್ಮ ರೂಢಿ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹಾಗೇ ನಿಲ್ಲಿಸಿದೆವು. ಬ್ರೇಕ್ ಒತ್ತಿ ಗಾಡಿ ಪೂರ್ತಿ ನಿಂತಿತು. ನಿಂತು ಅರ್ಧ ಸೆಕೆಂಡ್ ಆದ ಮೇಲೆ ಹಿಂದಿನಿಂದ 'ಢಕ್' ಅಂತ ಒಂದೇ ಒಂದು ಏಟು. ಗಾಡಿ ಓಡಿಸುತ್ತಿದ್ದ ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಕನ್ನಡಿ ನೋಡಿದ.

"ಅಣ್ಣಾ, ಹಿಂದಿಂದ ಯಾರಾದ್ರೂ ಗುದ್ದಿದ್ರಾ?"

ಯಾರೂ ಇರಲಿಲ್ಲ. ಕಾಫಿ ಮುಗಿಸಿ ಹೊರಟಾಗ, ಫಸ್ಟ್ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದ ಹಾಗೆ ಮತ್ತೆ ಅದೇ ಏಟು. ಡೆಕ್ಕಿನ ಕೆಳಗೆ, ಸರಿಯಾಗಿ ಮಧ್ಯದಲ್ಲಿ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ.

ಗಾಡಿ ಡೀಸೆಲ್ ಪಿಕಪ್, ಎಂಜಿನ್ನಿನ ಬಲ ಡೆಕ್ಕಿನ ಕೆಳಗಿನ ಉದ್ದ ಶಾಫ್ಟಿನ ಮೂಲಕ ಹಿಂದಿನ ಚಕ್ರಕ್ಕೆ, ಹಿಂದೆ ಕಮಾನು ಪ್ಲೇಟು. ಮೀಟರಿನಲ್ಲಿ ಆಗ 86,000 ಚಿಲ್ಲರೆ ಕಿಲೋಮೀಟರ್. ಅಡಿಕೆ, ಶುಂಠಿ, ಬಯಲುಸೀಮೆಯಿಂದ ಬರುವ ಕುರಿಗೊಬ್ಬರ, ಎಲ್ಲಾ ಇದರಲ್ಲೇ. ಮನೆಗೆ ಬರುವ ದಾರಿಯಲ್ಲಿ ಒಂದು ಹಳ್ಳ ಇದೆ. ಮೋರಿ ಅಂತ ಹೆಸರಿಗೆ ಇದೆ. ಜುಲೈನಲ್ಲಿ ನೀರು ಅದರ ಮೇಲೇ ಹೋಗುತ್ತದೆ, ಚಕ್ರದ ಹಬ್ ಮುಳುಗುವಷ್ಟು. ದಿನಕ್ಕೆ ಎರಡು ಸಲ ಅದನ್ನು ದಾಟಲೇಬೇಕು. ಈ ಹಳ್ಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದೆವು. ಹುಡುಗ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, ಹಿಂದಿನ ಶಾಫ್ಟನ್ನು ಕೈಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ 'ಟಕ್ ಟಕ್' ಅನ್ನಿಸಿ ತೋರಿಸಿದ. "ಕ್ರೌನ್ ಪಿನಿಯನ್ ಹೋಗಿದೆ, ಹೌಸಿಂಗ್ ಬಿಚ್ಚಬೇಕು" ಅಂದ. ಹೌಸಿಂಗ್ ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರು ಪೆಟ್ಟಿಗೆ, ಕ್ರೌನ್ ಪಿನಿಯನ್ ಅಂದರೆ ಅದರೊಳಗೆ ಶಾಫ್ಟಿನ ಓಟವನ್ನು ಚಕ್ರಕ್ಕೆ ಸಾಗಿಸುವ ಗೇರು ಜೋಡಿ. ಅಂದಾಜು 32,000 ರೂಪಾಯಿ. ಮೋಸ ಮಾಡುವ ಹುಡುಗ ಅಲ್ಲ. ಅವನಿಗೆ ಹಾಗೆ ಅನ್ನಿಸಿತು, ಅಷ್ಟೇ. ಆದರೆ ಆ 'ಟಕ್ ಟಕ್' ಎಲ್ಲಾ ಗಾಡಿಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಎರಡು ಗೇರಿನ ಹಲ್ಲುಗಳ ನಡುವೆ ಎಣ್ಣೆಗೆ ಜಾಗ ಬೇಕಲ್ವಾ? ಆ ಸಂದು ಇಲ್ಲದಿದ್ದರೆ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಆ ಸಡಿಲ ಆಟವನ್ನು ತೋರಿಸಿ ಹೌಸಿಂಗ್ ಹೋಗಿದೆ ಅನ್ನುವುದು ನಾಲಿಗೆ ಕೆಂಪಗಿದೆ ಅಂತ ಜ್ವರ ಅಂದ ಹಾಗೆ.

ಇಷ್ಟೆಲ್ಲಾ ಆಗ ನನಗೆ ಗೊತ್ತಿರಲಿಲ್ಲ. ಹೇಳಿದ್ದು ನಮ್ಮೂರಿನ ಹಳೇ ಮೇಸ್ತ್ರಿ. ಮೊದಲು ಲಾರಿ ಕೆಲಸ ಮಾಡುತ್ತಿದ್ದವರು, ಈಗ ಮನೆ ಎದುರೇ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ಹೋಗಿ ಹೇಳಿದೆ. ಅವರು ಗಾಡಿ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ.

"ಗೌಡ್ರೇ, ಓಡೋವಾಗ ಹಿಂದೆ ಹುಂಯ್ ಅಂತ ಕೂಗುತ್ತಾ?"

"ಇಲ್ಲ ಮೇಸ್ತ್ರೀ."

"ಆಕ್ಸಿಲೇಟರ್ ಬಿಟ್ಟಾಗ?"

"ಇಲ್ಲ."

"ಖಾಲಿ ಇದ್ದಾಗ ಜಾಸ್ತಿನಾ, ಲೋಡ್ ಇದ್ದಾಗಲಾ?"

"ಲೋಡ್ ಇದ್ದಾಗ."

"ಹಂಗಾದ್ರೆ ಹೌಸಿಂಗಿಗೆ ಕೈ ಹಾಕ್ಬೇಡಿ. ಮೊದಲು ಅದರ ಎಣ್ಣೆ ನೋಡಣ."

ಎಣ್ಣೆ ನೋಡಿದೆವು. ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದರೆ ಎಣ್ಣೆ ತೂತಿನ ಅಂಚಿನವರೆಗೂ ಇತ್ತು. ಹಳ್ಳದ ನೀರು ಒಳಗೆ ಹೋಗಿದ್ದರೆ ಹಾಲು ಬೆರೆಸಿದ ಚಹಾದ ಬಣ್ಣ ಬಂದಿರುತ್ತಿತ್ತು, ಅದೂ ಇರಲಿಲ್ಲ. ಕೆಳಗಿನ ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿತ್ತು. ಹಲ್ಲಿನ ಚೂರು ಒಂದೂ ಇಲ್ಲ. ಆ ಪೇಸ್ಟ್ ಸಹಜ ಸವೆತ. ಚೂರು ಸಿಕ್ಕಿದ್ದರೆ ಕಥೆ ಬೇರೆ ಇರುತ್ತಿತ್ತು.

ಆಮೇಲೆ ಸೀಮೆಸುಣ್ಣ. ಈ ಪರೀಕ್ಷೆ ನನಗೆ ತುಂಬಾ ಹಿಡಿಸಿತು, ದುಡ್ಡೇ ಬೇಡ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದೆವು. ಜಾಕಿ ಹಾಕಲಿಲ್ಲ. ಪಿಕಪ್ಪಿನ ಕೆಳಗೆ ಮಲಗಿ ಜಾರಿಕೊಂಡು ಹೋಗುವಷ್ಟು ಎತ್ತರ ಹೇಗೂ ಇದೆ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬಾರದು. ಕ್ರಾಸ್ ಅಂದರೆ ಶಾಫ್ಟ್ ಕೋನದಲ್ಲೂ ತಿರುಗುವ ಹಾಗೆ ಎರಡು ಭಾಗವನ್ನು ಜೋಡಿಸುವ, ಪ್ಲಸ್ ಆಕಾರದ ಕೀಲು. ಪ್ರತಿ ಕ್ರಾಸಿನ ಮೇಲೂ ಅಡ್ಡಕ್ಕೆ ಒಂದು ಸೀಮೆಸುಣ್ಣದ ಗೆರೆ, ಈಚೆ ಭಾಗದಿಂದ ಆಚೆ ಭಾಗಕ್ಕೆ. ಈಗ ಶಾಫ್ಟನ್ನು ಕೈಯಲ್ಲಿ ತಿರುಚಬೇಕು. ಗೆರೆ ಮುರಿಯದೆ ಎರಡೂ ಭಾಗ ಒಟ್ಟಿಗೆ ಅಲ್ಲಾಡಿದರೆ ಆಟ ಇರುವುದು ಹೌಸಿಂಗಿನಲ್ಲಿ. ಗೆರೆ ಮಧ್ಯದಲ್ಲಿ ಮುರಿದು ಹಿಂದೆ ಮುಂದೆ ಆದರೆ ಆ ಕ್ರಾಸ್ ಸವೆದಿದೆ.

ನಮ್ಮ ಗಾಡಿಯ ಶಾಫ್ಟ್ ಎರಡು ತುಂಡಿನದು. ಗೇರ್‌ಬಾಕ್ಸ್ ಹತ್ತಿರ ಒಂದು ಕ್ರಾಸ್, ಮಧ್ಯೆ ಸೆಂಟರ್ ಬೇರಿಂಗ್, ಅದರ ಹಿಂದೆ ಸ್ಲಿಪ್ ಜಾಯಿಂಟ್, ಅದಕ್ಕೆ ಅಂಟಿಕೊಂಡು ಎರಡನೇ ಕ್ರಾಸ್, ಕೊನೆಗೆ ಹೌಸಿಂಗ್ ಹತ್ತಿರ ಮೂರನೆಯದು. ಒಂದನೆಯದೂ ಮೂರನೆಯದೂ ಗಟ್ಟಿ. ಮಧ್ಯದ್ದರಲ್ಲಿ ಗೆರೆ ನೂಲಿನೆಳೆಯಷ್ಟು ಮುರಿದ ಹಾಗೆ ಕಂಡಿತು. "ಸೀಮೆಸುಣ್ಣದ ಗೆರೆನೇ ದಪ್ಪ ಇದೆ ಬಿಡಿ" ಅಂದೆ ನಾನು. ಮೇಸ್ತ್ರಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದನ್ನು ನಾನು ಗಮನಿಸಬೇಕಿತ್ತು.

ಇನ್ನು ಉಳಿದದ್ದು ಸ್ಲಿಪ್ ಜಾಯಿಂಟ್. ಇದರ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸದ್ದಿನ ಗುಟ್ಟು ಇಲ್ಲೇ ಇದೆ. ಎಂಜಿನ್ನೂ ಗೇರ್‌ಬಾಕ್ಸೂ ಚಾಸಿಗೆ ಕಟ್ಟಿಕೊಂಡಿವೆ. ಹೌಸಿಂಗ್ ಮಾತ್ರ ಕಮಾನು ಪ್ಲೇಟಿಗೆ ತೂಗಿಕೊಂಡಿದೆ. ಲೋಡ್ ಹಾಕಿದರೆ ಪ್ಲೇಟು ಚಪ್ಪಟೆಯಾಗುತ್ತದೆ, ಹೌಸಿಂಗ್ ಜಾಗ ಬದಲಿಸುತ್ತದೆ. ಜೋರಾಗಿ ಹೊರಟರೆ ಹೌಸಿಂಗಿನ ಮೂತಿ ಮೇಲಕ್ಕೇಳುತ್ತದೆ, ಬ್ರೇಕ್ ಒತ್ತಿದರೆ ಕೆಳಗಾಗುತ್ತದೆ. ಹೀಗೆ ಪ್ರತಿ ಸಲವೂ ಗೇರ್‌ಬಾಕ್ಸಿಗೂ ಹೌಸಿಂಗಿಗೂ ಇರುವ ದೂರ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆ ಆಗುತ್ತದೆ. ಶಾಫ್ಟ್ ಅಷ್ಟು ಉದ್ದ ಗಿಡ್ಡ ಆಗಲೇಬೇಕು. ಅದಕ್ಕೇ ಒಂದರೊಳಗೆ ಒಂದು ಜಾರುವ ಹಲ್ಲಿನ ಕೊಳವೆ ಇಟ್ಟಿರುತ್ತಾರೆ. ಹಲ್ಲು ತಿರುಗುವ ಬಲವನ್ನು ಸಾಗಿಸುತ್ತದೆ, ಉದ್ದಕ್ಕೆ ಮಾತ್ರ ಜಾರುತ್ತದೆ.

ಗ್ರೀಸ್ ಇದ್ದರೆ ಸದ್ದಿಲ್ಲದೆ ಜಾರುತ್ತದೆ. ಒಣಗಿದ್ದರೆ? ಮಳೆಗಾಲದಲ್ಲಿ ಉಬ್ಬಿದ ಮರದ ಡ್ರಾಯರ್ ಎಳೆದು ನೋಡಿ. ಮೆಲ್ಲಗೆ ಎಳೆದರೆ ಬರುವುದಿಲ್ಲ. ಇನ್ನೂ ಎಳೆದರೂ ಬರುವುದಿಲ್ಲ. ಆಮೇಲೆ ಒಮ್ಮೆಗೇ ಬಂದು ಹೊಟ್ಟೆಗೆ ಬಡಿಯುತ್ತದೆ. ಇದೂ ಹಾಗೇ. ಬ್ರೇಕ್ ಒತ್ತಿದಾಗ ತಿರುಚಿಕೊಂಡ ಹೌಸಿಂಗನ್ನು ಗಾಡಿ ನಿಂತ ಮೇಲೆ ಪ್ಲೇಟುಗಳು ವಾಪಸ್ ತರುತ್ತವೆ. ಶಾಫ್ಟ್ ಜಾರಲು ಒಪ್ಪದೆ ಹಿಡಿದುಕೊಳ್ಳುತ್ತದೆ, ಬಲ ಮೀರಿದಾಗ ಹಾರಿ ಜಾಗಕ್ಕೆ ಕೂರುತ್ತದೆ. ನಿಂತ ಅರ್ಧ ಸೆಕೆಂಡಿನ ನಂತರ 'ಢಕ್' ಬರುತ್ತಿದ್ದದ್ದು ಇದಕ್ಕೆ.

ಇದು ಬಾಯಿಮಾತಿನ ಊಹೆ ಆಗಬಾರದು ಅಂತ ಅಳತೆ ಹಿಡಿದೆವು. ಜಾಯಿಂಟಿನ ಅಂಚಿನಿಂದ ಶಾಫ್ಟಿನ ಮೇಲೆ ಹಾಕಿದ ಬಿಳಿ ಬಣ್ಣದ ಗುರುತಿನವರೆಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಬರೆದುಕೊಂಡೆವು. ಗೊಬ್ಬರದ ಚೀಲ ಪೂರ್ತಿ ಲೋಡ್ ಮಾಡಿದೆವು. ಪ್ಲೇಟು ಚಪ್ಪಟೆ ಆದದ್ದು ಕಣ್ಣಿಗೇ ಕಾಣುತ್ತಿತ್ತು. ಆದರೆ ಅಳತೆ ಒಂದು ಕೂದಲೂ ಬದಲಾಗಿರಲಿಲ್ಲ. ನನ್ನ ತಮ್ಮ ಗಾಡಿಯನ್ನು ಅಂಗಳದಲ್ಲಿ ಎರಡು ಮಾರು ಮುಂದೆ ತಂದ. ಢಕ್. ಅಡೆ ಕೊಟ್ಟು ಮತ್ತೆ ಅಳೆದರೆ 5 ಮಿಲಿಮೀಟರ್ ಬದಲು. ಕಳ್ಳ ಸಿಕ್ಕಿಬಿದ್ದ.

ನನ್ನ ತಲೆ ಕೆಟ್ಟದ್ದು ಈಗ. ತಿಂಗಳಿಗೊಮ್ಮೆ ವಾಟರ್ ಸರ್ವಿಸ್ ಮಾಡಿಸುತ್ತೇವೆ. ಪ್ರತಿ ಬಿಲ್ಲಿನಲ್ಲೂ 'ಗ್ರೀಸಿಂಗ್' ಅಂತ ಬರೆದು ದುಡ್ಡು ತಗೊಂಡಿದ್ದಾರೆ. ಆ ಬಿಲ್ಲುಗಳು ಡ್ಯಾಶ್‌ಬೋರ್ಡಿನಲ್ಲೇ ಇವೆ. ಮತ್ತೆ ಒಣಗಿದ್ದು ಹೇಗೆ?

ಕೆಳಗೆ ಮಲಗಿದ್ದ ಮೇಸ್ತ್ರಿ ಕೇಳಿದರು: "ಗೌಡ್ರೇ, ಸ್ಲಿಪ್ಪಿನ ನಿಪ್ಪಲ್ ಎಲ್ಲಿದೆ ತೋರ್ಸಿ?" ನಿಪ್ಪಲ್ ಅಂದರೆ ಗ್ರೀಸ್ ಗನ್ನಿನ ಬಾಯಿ ಕೂರಿಸಿ ಗ್ರೀಸ್ ಒತ್ತುವ ಪುಟ್ಟ ಮೂತಿ. ನಾನು ಟಾರ್ಚ್ ಹಿಡಿದು ಹುಡುಕಿದೆ. ಕಾಣಲಿಲ್ಲ. "ಕಾಣಲ್ಲ. ಮೇಲ್ಗಡೆ ಇದೆ" ಅಂದರು ಅವರೇ. ಶಾಫ್ಟ್ ನಿಂತ ಭಂಗಿಯಲ್ಲಿ ನಿಪ್ಪಲ್ ಆಕಾಶ ನೋಡುತ್ತಿತ್ತು. ಅದರ ಮೇಲೆ ಡೆಕ್ಕಿನ ಅಡ್ಡಪಟ್ಟಿ. ಕೈ ಹೋಗುವುದಿಲ್ಲ, ಗನ್ನಂತೂ ಹೋಗುವುದೇ ಇಲ್ಲ. ಗಾಡಿಯನ್ನು ಕೊಂಚ ತಳ್ಳಿ ಶಾಫ್ಟ್ ಅರ್ಧ ಸುತ್ತು ತಿರುಗಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಸಾಲಿನಲ್ಲಿ ನಾಲ್ಕು ಗಾಡಿ ಕಾಯುತ್ತಿರುವಾಗ ಯಾರು ತಳ್ಳುತ್ತಾರೆ? ಕಣ್ಣಿಗೆ ಕಂಡ ನಿಪ್ಪಲ್‌ಗೆ ಎರಡು ಒತ್ತು ಒತ್ತಿ ಕಳಿಸಿದ್ದಾರೆ. ಅದೂ ಎಷ್ಟು ತಿಂಗಳಿಂದಲೋ.

ತಳ್ಳಬೇಕಾದ ದೂರ ಎಷ್ಟು ಅಂತ ಕೇಳಿದರೆ ನಗು ಬರುತ್ತದೆ. ಇಂಥ ಗಾಡಿಯಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗುತ್ತದೆ. ನಮ್ಮ ಟಯರಿನ ಸುತ್ತಳತೆ 2.2 ಮೀಟರ್ ಆಸುಪಾಸು. ಅಂದರೆ ಶಾಫ್ಟಿನ ಅರ್ಧ ಸುತ್ತಿಗೆ ಗಾಡಿ ಗೇಣಿಗಿಂತ ಒಂಚೂರು ಜಾಸ್ತಿ ಸರಿದರೆ ಸಾಕು. ಆ ಒಂದು ಗೇಣು ಯಾರೂ ತಳ್ಳದೇ ಇದ್ದದ್ದಕ್ಕೆ 32,000 ರೂಪಾಯಿಯ ಅಂದಾಜು ಪಟ್ಟಿ ತಯಾರಾಗಿತ್ತು.

ತಳ್ಳಿ ಕೆಳಗೆ ತಂದ ನಿಪ್ಪಲ್ ಒಂದು ಕೆಮ್ಮಣ್ಣಿನ ಉಂಡೆ. ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಗನ್ ಹಾಕಿದರೆ ಗ್ರೀಸ್ ಪಕ್ಕದಿಂದ ಉಕ್ಕಿತೇ ಹೊರತು ಒಳಗೆ ಹೋಗಲಿಲ್ಲ. ಒಳಗಿನ ಚಿಕ್ಕ ಗುಂಡು ತುಕ್ಕು ಹಿಡಿದು ಕೂತಿತ್ತು. ಹೊಸ ನಿಪ್ಪಲ್ 15 ರೂಪಾಯಿ. ಮಧ್ಯದ ಕ್ರಾಸಿನದೂ ಹಾಗೇ ಆಗಿತ್ತು, ಅದನ್ನೂ ಬದಲಿಸಿದೆವು.

ಬರೀ ಪಂಪ್ ಮಾಡಿ ಬಿಡಬಹುದಿತ್ತು. ಮೇಸ್ತ್ರಿ ಬೇಡ ಅಂದರು. ಒಳಗೆ ತುಕ್ಕಿನ ಪುಡಿ ಇದ್ದರೆ ಅದರ ಜೊತೆ ಗ್ರೀಸ್ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ಬಿಚ್ಚಿ ತೊಳೆಯಬೇಕು. ಬಿಚ್ಚುವ ಮೊದಲು ಅವರು ಜಾಯಿಂಟಿನ ಎರಡೂ ಭಾಗಕ್ಕೆ ಪಂಚ್ ಗುರುತು ಹಾಕಿದರು. ಒಂದು ಹಲ್ಲು ಹೆಚ್ಚು ಕಡಿಮೆ ಕೂರಿಸಿದರೂ ಗಾಡಿ ನಡುಗುತ್ತದೆ. ಕಾರಣ ಕ್ರಾಸಿನ ಸ್ವಭಾವ. ಕೋನದಲ್ಲಿ ತಿರುಗುವಾಗ ಅದು ಒಂದೇ ಸಮ ತಿರುಗಿಸುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. 17ನೇ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿ ಇದನ್ನು ಹುಕ್ಸ್ ಜಾಯಿಂಟ್ ಅಂತ ಐಟಿಐನಲ್ಲಿ ಓದಿದವರಿಗೆ ನೆನಪಿರಬಹುದು. ಮೇಸ್ತ್ರಿ ಹುಕ್ ಹೆಸರು ಕೇಳಿದವರಲ್ಲ, ಆದರೆ ಪಂಚ್ ಹೊಡೆಯದೆ ಶಾಫ್ಟ್ ಬಿಚ್ಚುವವರೂ ಅಲ್ಲ.

ಎಳೆದಾಗ ಜಾಯಿಂಟ್ ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ನೋಡಿದರೆ ಹಲ್ಲಿನ ಸಂದಿನಲ್ಲಿ ಕಾಫಿ ಗಸಿಯ ಹಾಗೆ ಒಣಗಿದ ಹಳೇ ಗ್ರೀಸು, ಅದರ ಮೇಲೆ ಇಟ್ಟಿಗೆ ಬಣ್ಣದ ಪುಡಿ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಪ್ರತಿ ಹಲ್ಲಿನ ಪಕ್ಕಕ್ಕೆ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿದ್ದರೆ ಜಾಯಿಂಟೇ ಬದಲಿಸಬೇಕು, ಗ್ರೀಸಿನಿಂದ ಆಗುವುದಿಲ್ಲ. ನಮ್ಮ ಪುಣ್ಯ, ನುಣುಪಾಗಿತ್ತು.

ಗ್ರೀಸ್ ಬಗ್ಗೆ ಎರಡು ಮಾತು. ಗ್ರೀಸ್ ಅಂದರೆ ಎಣ್ಣೆಯನ್ನು ಸೋಪಿನಲ್ಲಿ ಹಿಡಿದಿಟ್ಟದ್ದು, ಸ್ಪಂಜಿನಲ್ಲಿ ನೀರು ಇದ್ದ ಹಾಗೆ. ಬಕೆಟಿನಲ್ಲಿ ಬರುವ ಅಗ್ಗದ ಚಾಸಿ ಗ್ರೀಸು ಹೆಚ್ಚಾಗಿ ಕ್ಯಾಲ್ಸಿಯಂ ಸೋಪಿನದು. ನೀರಿಗೆ ಚೆನ್ನಾಗಿ ತಡೆಯುತ್ತದೆ, ಬಿಸಿಗೆ ಬೇಗ ಕರಗುತ್ತದೆ. ಲಿಥಿಯಂದು ಬಿಸಿ ತಡೆಯುತ್ತದೆ. ಕ್ರಾಸಿಗೆ ನಾವು ಹಾಕಿದ್ದು ಲಿಥಿಯಂ ಕಾಂಪ್ಲೆಕ್ಸ್, ಇ.ಪಿ. (ಹೆಚ್ಚು ಒತ್ತಡ ತಡೆಯುವಂಥದ್ದು), ಎನ್‌ಎಲ್‌ಜಿಐ 2. ಈ 2 ಅನ್ನುವುದು ಗಟ್ಟಿತನದ ನಂಬರು, ಹೆಚ್ಚು ಕಡಿಮೆ ಗಟ್ಟಿ ಬೆಣ್ಣೆಯ ಹದ. ಸ್ಲಿಪ್ಪಿನ ಹಲ್ಲಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸು. ಹಲ್ಲು ಉರುಳುವುದಿಲ್ಲ, ಒತ್ತಡದಲ್ಲಿ ಜಾರುತ್ತದೆ. ಎಣ್ಣೆ ಹಿಂಡಿ ಹೋದರೂ ಆ ಕಪ್ಪು ಪದರ ಲೋಹಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಬೇರೆ ಜಾತಿಯ ಗ್ರೀಸು ಬೆರೆತರೆ ಕೆಲವೊಮ್ಮೆ ನೀರಾಗಿ ಹರಿದು ಹೋಗುತ್ತದೆ. ಹಾಗಾಗಿ ಹಳೆಯದು ಪೂರ್ತಿ ಹೊರಬರುವವರೆಗೂ ಒತ್ತಬೇಕು.

ಗುರುತಿಗೆ ಗುರುತು ಕೂಡಿಸಿ ಜೋಡಿಸಿದೆವು. ಹೊಸ ಲಾಕ್ ನಟ್ ಹಾಕಿದೆವು. ಸ್ಲಿಪ್ಪಿನ ತುದಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತಿದೆ. ಗ್ರೀಸ್ ಅಲ್ಲಿಂದ ಹೊರಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೇಸ್ತ್ರಿ ತೂತನ್ನು ಬಟ್ಟೆಯಿಂದ ಒತ್ತಿ ಹಿಡಿದು, "ಈಗ ಮೆಲ್ಲಗೆ ಇನ್ನೆರಡು ಹೊಡೀರಿ" ಅಂದರು. ಆಗ ಇನ್ನೊಂದು ತುದಿಯ ಸೀಲಿನ ಸುತ್ತ ಗ್ರೀಸ್ ಉಂಗುರದ ಹಾಗೆ ಮೂಡಿತು. ಹಲ್ಲಿನ ಉದ್ದಕ್ಕೂ ಗ್ರೀಸ್ ಹೋಗಿದೆ ಅಂತ ಗೊತ್ತಾಗುವುದು ಹೀಗೆ. ಜೋರಾಗಿ ಹೊಡೆದರೆ ಮುಚ್ಚಳವೇ ಹಾರಿಬಿಡುತ್ತದೆ. ಇನ್ನೊಂದು, ಗನ್ನಿನ ಪೈಪ್ ಹರಿದಿದ್ದರೆ ಆ ಜಾಗದಲ್ಲಿ ಕೈ ಇಡಬೇಡಿ. ಆ ಒತ್ತಡಕ್ಕೆ ಗ್ರೀಸ್ ಚರ್ಮದೊಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಕ್ರಾಸ್‌ಗಳಿಗೂ ಹೊಡೆದೆವು. ಒಂದು ಕ್ರಾಸಿಗೆ ನಾಲ್ಕು ತೋಳು, ಪ್ರತಿ ತೋಳಿನ ತುದಿಗೆ ಸೂಜಿ ಬೇರಿಂಗ್ ಇರುವ ಒಂದು ಕಪ್, ನಾಲ್ಕರಿಂದಲೂ ಗ್ರೀಸ್ ಹೊರಬರಬೇಕು. ಮೊದಲ ಹಾಗೂ ಕೊನೆಯ ಕ್ರಾಸಿನಲ್ಲಿ ಹಾಗೇ ಬಂತು. ಮಧ್ಯದ್ದರಲ್ಲಿ ಮೊದಲು ಬೆಳ್ಳಗೆ ನೀರು ಬೆರೆತದ್ದು ಬಂತು. ಹಳ್ಳದ್ದೇ. ಆಮೇಲೆ ಕೆಂಪು, ಆಮೇಲೆ ಕಪ್ಪು, ಕೊನೆಗೆ ಹೊಸ ಗ್ರೀಸಿನ ಬಣ್ಣ. ಆದರೆ ಮೂರು ಕಪ್‌ಗಳಿಂದ ಮಾತ್ರ. ನಾಲ್ಕನೆಯದು ಬಾಯಿ ಬಿಡಲಿಲ್ಲ. ಶಾಫ್ಟನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಒತ್ತಿದರೂ ಇಲ್ಲ. "ಕ್ರಾಸ್ ಬದಲಿಸಿಬಿಡಣ" ಅಂದರು ಮೇಸ್ತ್ರಿ. ಮರುದಿನ ಮಂಡಿಗೆ ಹೋಗಬೇಕಿತ್ತು. "ನೋಡಣ, ಗ್ರೀಸಿಗೇ ಸರಿ ಹೋದ್ರೆ ಹೋಗ್ಲಿ" ಅಂದೆ.

ಮರುದಿನ ಮಂಡಗದ್ದೆಯಲ್ಲಿ ಗಾಡಿ ನಿಂತಿತು. ಇಬ್ಬರೂ ಉಸಿರು ಹಿಡಿದೆವು. ಏನೂ ಇಲ್ಲ. ಹೊರಟಾಗಲೂ ಇಲ್ಲ. ತಮ್ಮ ನಕ್ಕ.

ಒಂಬತ್ತು ದಿನ ಹಾಗೇ ಹೋಯಿತು. ಹತ್ತನೇ ದಿನ ಖಾಲಿ ಗಾಡಿಯಲ್ಲಿ ಮೆಲ್ಲಗೆ ಬರುವಾಗ ಕೆಳಗಿನಿಂದ ಗುಬ್ಬಚ್ಚಿ ಕೂಗಿದ ಹಾಗೆ 'ಚಿಂವ್ ಚಿಂವ್'. ವೇಗ ಏರಿದರೆ ಕೂಗೂ ಏರುತ್ತದೆ. ಎರಡು ದಿನಕ್ಕೆ ಆಕ್ಸಿಲೇಟರ್ ಒತ್ತಿ ಬಿಟ್ಟಾಗಲೆಲ್ಲ ಸಣ್ಣ 'ಟಿಕ್' ಬೇರೆ. ಇದು ಹಳೇ 'ಢಕ್' ಅಲ್ಲ. ಇದು ಕ್ರಾಸಿನ ಸದ್ದು. ಸ್ಲಿಪ್ಪಿನ ಗದ್ದಲದ ಕೆಳಗೆ ಇಷ್ಟು ದಿನ ಅಡಗಿತ್ತು.

ಬಿಚ್ಚಿದಾಗ ಆ ನಾಲ್ಕನೇ ಕಪ್‌ನಲ್ಲಿ ಸೂಜಿ ಬೇರಿಂಗೇ ಇರಲಿಲ್ಲ. ಒಂದಿಷ್ಟು ಮುರಿದ ಸೂಜಿ, ಉಳಿದದ್ದು ಕೆಂಪು ಹಿಟ್ಟು. ಕ್ರಾಸಿನ ತೋಳಿನ ಮೇಲೆ ಸೂಜಿಗಳು ಒತ್ತಿ ಒತ್ತಿ ಗದ್ದೆಯ ಸಾಲಿನ ಹಾಗೆ ಗೆರೆ ಬಿದ್ದಿತ್ತು. ಗ್ರೀಸ್ ಸವೆದ ಲೋಹವನ್ನು ಮತ್ತೆ ಬೆಳೆಸುವುದಿಲ್ಲ. ಸೀಮೆಸುಣ್ಣದ ಗೆರೆ ಮೊದಲ ದಿನವೇ ಹೇಳಿತ್ತು, ನಾನೇ ಕೇಳಲಿಲ್ಲ. ಹೊಸ ಕ್ರಾಸ್ 850 ರೂಪಾಯಿ, ಕೂಲಿ 600. ಮೊದಲ ಸಲದ್ದು ಎರಡು ಥರದ ಗ್ರೀಸಿಗೆ 740, ನಿಪ್ಪಲ್ ಎರಡಕ್ಕೆ 30, ಕೂಲಿ 500. ಒಟ್ಟು 2,720. ಲಾಕ್ ನಟ್ಟಿಗೆ ಮೇಸ್ತ್ರಿ ದುಡ್ಡು ತಗೊಳ್ಳಲಿಲ್ಲ.

ಇದೇ ಸದ್ದು ಬೇರೆ ಕಾರಣಕ್ಕೂ ಬರುತ್ತದೆ. ಕಮಾನು ಪ್ಲೇಟಿನ ಯು-ಬೋಲ್ಟ್ ಸಡಿಲ ಆದರೆ ಹೊರಡುವಾಗ ನಿಲ್ಲುವಾಗ ಹೀಗೇ ಬಡಿಯುತ್ತದೆ. ಸೆಂಟರ್ ಬೇರಿಂಗಿನ ರಬ್ಬರ್ ಹರಿದರೆ ಬಡಿತದ ಜೊತೆ ನಡುಕವೂ ಇರುತ್ತದೆ. ನಾವು ಮೊದಲೇ ಅವೆರಡನ್ನೂ ಮುಟ್ಟಿ ನೋಡಿದ್ದೆವು. ನಿಮ್ಮ ಗಾಡಿಯ ಕ್ರಾಸಿನಲ್ಲಿ ನಿಪ್ಪಲ್ಲೇ ಇಲ್ಲದಿದ್ದರೆ ಅದು ಸೀಲ್ ಮಾಡಿದ್ದು. ಅದಕ್ಕೆ ಗ್ರೀಸ್ ಹೊಡೆಯುವ ಪ್ರಶ್ನೆಯೇ ಇಲ್ಲ, ಸವೆದರೆ ಬದಲಿಸುವುದೇ.

ಈಗ ನಮ್ಮಲ್ಲಿ ಕ್ರಮ ಬದಲಾಗಿದೆ. ಗಾಡಿಯ ಪುಸ್ತಕದಲ್ಲಿ 5,000 ಕಿಲೋಮೀಟರಿಗೆ ಒಮ್ಮೆ ಗ್ರೀಸ್ ಅಂತಿದೆ. ಮಳೆಗಾಲದಲ್ಲಿ ನಾವು 2,500ಕ್ಕೆ ಹೊಡೆಯುತ್ತೇವೆ, ಮನೆಯಲ್ಲೇ, ಸ್ವಂತ ಗನ್ನಿನಲ್ಲಿ. ವಾಟರ್ ಸರ್ವಿಸ್ ಮಾಡಿಸಿದ ದಿನವೂ ಹೊಡೆಯುತ್ತೇವೆ. ಜೆಟ್ ನೀರು ಸೀಲಿನ ತುಟಿಯೊಳಗೆ ನುಗ್ಗುತ್ತದೆ, ಹೊಸ ಗ್ರೀಸು ಅದನ್ನು ಹೊರಗೆ ತಳ್ಳುತ್ತದೆ. ತೊಳೆದ ಮೇಲೆ ಕೆಳಗೆಲ್ಲಾ ಡೀಸೆಲ್ಲಿಗೆ ಹಳೇ ಎಂಜಿನ್ ಆಯಿಲ್ ಬೆರೆಸಿ ಸ್ಪ್ರೇ ಮಾಡುವ ಪದ್ಧತಿ ಇದೆಯಲ್ಲ, ಅದನ್ನು ಬೇಡ ಅಂತ ಹೇಳಿದ್ದೇವೆ. ನೋಡಲು ಮಿರಮಿರ ಹೊಳೆಯುತ್ತದೆ. ಆದರೆ ರಬ್ಬರ್ ಬುಷ್ ಊದಿಕೊಳ್ಳುತ್ತದೆ, ಸೀಲಿನ ಅಂಚಿನ ಗ್ರೀಸೂ ತೊಳೆದು ಹೋಗುತ್ತದೆ.

ಶಾಫ್ಟಿನಲ್ಲಿ ನಾಲ್ಕು ನಿಪ್ಪಲ್. ನಾಲ್ಕಕ್ಕೂ ಹಳದಿ ಬಣ್ಣ ಬಳಿದಿದ್ದೇವೆ. ತಮ್ಮ ಮೂರನ್ನು ಮುಗಿಸಿ ಕೆಳಗಿನಿಂದ "ಅಣ್ಣಾ, ಒಂದು ಗೇಣು" ಅಂತ ಕೂಗುತ್ತಾನೆ. ನಾನು ಮಾತಾಡದೆ ನಿಂತಿರುತ್ತೇನೆ. ಅವನು ಹೊರಗೆ ಬಂದು ಎದ್ದು ನಿಂತ ಮೇಲೆ ಅಡೆ ತೆಗೆದು ತಳ್ಳುತ್ತೇನೆ, ಮತ್ತೆ ಅಡೆ ಕೊಡುತ್ತೇನೆ. ಅವನು ಮತ್ತೆ ಮಲಗಿ ಒಳಗೆ ಜಾರುತ್ತಾನೆ. ಮೀಟರ್ ಈಗ 1,04,000 ದಾಟಿದೆ. ಹೌಸಿಂಗ್ ಇನ್ನೂ ಬಿಚ್ಚಿಲ್ಲ.